ಆರನೇ ನಂಬರಿನ ದೀಪಾವಳಿ

ಪ್ರಪಂಚಕ್ಕೆ ಇನ್ನು ಹದಿನೆಂಟೇ ದಿನ ಉಳಿದಿದೆ ಎಂಬ ಸುದ್ದಿ ತಿಳಿದಾಗ ಏಕಾಂತಪ್ಪ ಹಲ್ಲುಜ್ಜುತ್ತಿದ್ದ. ಸಾವಿರದ ಒಂಬೈನೂರ ಅರವತ್ತೆರಡನೇ ಇಸವಿ, ಸಂಕ್ರಾಂತಿ ಕಳೆದು ಎರಡು ದಿನ. ತಿಂದ ಎಳ್ಳು ಇನ್ನೂ ಹಲ್ಲಿನ ಸಂದಿಯಲ್ಲೇ ಇತ್ತು. ದುರ್ಗಿಗುಡಿಯ ಅವನ ಮನೆಗೂ ಪಕ್ಕದ ಜಂಬಣ್ಣನ ಮನೆಗೂ ನಡುವೆ ಎದೆಮಟ್ಟದ ಗೋಡೆ. ಆ ಗೋಡೆಯ ಮೇಲೆ ಜಂಬಣ್ಣನ ತಲೆ ಕಾಣಿಸಿತೆಂದರೆ ಯಾರಿಗೋ ಕೇಡು ಕಾದಿದೆ ಎಂದೇ ಅರ್ಥ. ಜಂಬಣ್ಣ ನಿವೃತ್ತ ಅಮೀನ. ಮೂವತ್ತು ವರ್ಷ ಮನೆಮನೆಯ ಮುಂದೆ ನಿಂತು ಕೋರ್ಟಿನ ನೋಟೀಸು ಓದಿದವನಿಗೆ, ಪಿಂಚಣಿ ಬಂದ ಮೇಲೂ ದಿನಕ್ಕೊಂದು ಕೆಟ್ಟ ಸುದ್ದಿ ಓದಿ ಹೇಳದಿದ್ದರೆ ಕಾಫಿ ಇಳಿಯುತ್ತಿರಲಿಲ್ಲ.

"ಫೆಬ್ರವರಿ ಮೂರು, ನಾಲ್ಕು, ಐದು," ಎಂದ ಜಂಬಣ್ಣ, ಪೇಪರನ್ನು ಗೋಡೆಯ ಮೇಲೆ ಹಾಸಿ. "ಎಂಟು ಗ್ರಹ ಒಂದೇ ಮನೇಲಿ ಕೂರ್ತವೆ ಮಾರಾಯ. ಅಷ್ಟಗ್ರಹ ಕೂಟ! ಭೂಮಿ ಎರಡು ಹೋಳಾಗೋದು ಗ್ಯಾರಂಟಿ."

ಏಕಾಂತಪ್ಪ ಬಾಯಲ್ಲಿದ್ದ ಇದ್ದಿಲಪುಡಿಯನ್ನು ನುಂಗಿಬಿಟ್ಟ. "ಶಿವಮೊಗ್ಗಾನೂ ಸೇರಿನಾ?"

"ಶಿವಮೊಗ್ಗ ಯಾವ ಲೆಕ್ಕ? ಭದ್ರಾವತಿ ಕಾರ್ಖಾನೆ ಚಿಮಣಿ ಸೈತ ಉಳಿಯಲ್ಲ."

ಜಂಬಣ್ಣನ ಮಾತನ್ನು ಅರ್ಧ ನಂಬುವುದು ದುರ್ಗಿಗುಡಿಯ ಪದ್ಧತಿ. ಉಳಿದ ಅರ್ಧವನ್ನು ಏಕಾಂತಪ್ಪನಿಗೆ ನಂಬಿಸಿದ್ದು ಅವನ ಅಂಗಡಿ. ಗಾಂಧಿ ಬಜಾರಿನಲ್ಲಿ ಅವನದು ವಿಭೂತಿ, ಊದಿನಕಡ್ಡಿ, ಕರ್ಪೂರದ ಚಿಕ್ಕ ಮಳಿಗೆ. ಅವತ್ತು ಗ್ರಹಶಾಂತಿಗೆಂದು ಊರಿಗೆ ಊರೇ ಬಂದು ಮಧ್ಯಾಹ್ನದೊಳಗೆ ಕರ್ಪೂರದ ಡಬ್ಬಿಯನ್ನು ಬಳಿದುಕೊಂಡು ಹೋಯಿತು. ಇಪ್ಪತ್ತೆರಡು ವರ್ಷದಲ್ಲಿ ಆ ಡಬ್ಬಿಯ ತಳ ಅವನು ಕಂಡದ್ದು ಅದೇ ಮೊದಲು. ಪಂಚಾಂಗ ಸುಳ್ಳು ಹೇಳಬಹುದು, ಡಬ್ಬಿ ಹೇಳುತ್ತದೆಯೇ? ಬಾಗಿಲು ಹಾಕಿಕೊಂಡು ಮನೆಗೆ ಬಂದ.

ಸಾಯುವುದಕ್ಕೆ ಅವನ ತಕರಾರೇನೂ ಇರಲಿಲ್ಲ. ಬೀದಿಯವರೆಲ್ಲ ಒಟ್ಟಿಗೆ ಹೊರಟಾಗ ತಾನೊಬ್ಬ ಬರಲಾರೆ ಎನ್ನುವುದು ಮರ್ಯಾದಸ್ಥರ ಲಕ್ಷಣವೂ ಅಲ್ಲ. ಸಂಕಟವಾದದ್ದು ಬೇರೆ ಕಾರಣಕ್ಕೆ. ಅವನಿಗಿದ್ದವಳು ಒಬ್ಬಳೇ ಮಗಳು, ಜಗದಾಂಬಾ. ಹೋದ ದೀಪಾವಳಿ ಕಳೆದ ಹದಿನೈದು ದಿನಕ್ಕೆ ಅವಳ ಮದುವೆಯಾಗಿ, ಗಂಡನ ಜೊತೆ ಭದ್ರಾವತಿಗೆ ಹೋಗಿದ್ದಳು. ಅಳಿಯ ಶಿವಯೋಗಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರ್. ಮದುವೆಯ ಚಪ್ಪರದಲ್ಲಿ ನಾಲ್ಕು ಜನರ ಮುಂದೆ ಏಕಾಂತಪ್ಪ ಎದೆ ತಟ್ಟಿ ಹೇಳಿದ್ದ: "ಮೊದಲ ದೀಪಾವಳಿಗೆ ಮಗಳು-ಅಳಿಯನ್ನ ಮಣೆ ಮೇಲೆ ಕೂರಿಸಿ, ಅಳಿಯನ ತಲೆಗೆ ನನ್ನ ಕೈಯಾರ ಎಣ್ಣೆ ಇಡ್ತೀನಿ." ದೀಪಾವಳಿ ಇರುವುದು ಅಕ್ಟೋಬರಿನಲ್ಲಿ. ಪ್ರಪಂಚ ಇರುವುದು ಫೆಬ್ರವರಿಯವರೆಗೆ. ಮಗಳ ಮೊದಲ ಹಬ್ಬ ನೋಡದೆ ಸಾಯಬೇಕಲ್ಲ ಎಂದು ಅವನಿಗೆ ನಿಜವಾಗಿಯೂ ಅಳು ಬಂತು.

"ಪ್ರಳಯಾನ ಮುಂದಕ್ಕೆ ಹಾಕೋದು ನನ್ನ ಕೈಲಿಲ್ಲ," ಎಂದ ಹೆಂಡತಿ ಕಲ್ಲಮ್ಮನಿಗೆ. "ದೀಪಾವಳೀನ ಹಿಂದಕ್ಕೆ ತರ್ತೀನಿ. ಇಪ್ಪತ್ತೆಂಟು, ಭಾನುವಾರ. ಅಳಿಯಂದ್ರಿಗೂ ರಜ."

ಹೋಗಿ ಮುಖ ತೊಳೆದುಕೊಂಡು ಬನ್ನಿ ಎನ್ನಬೇಕಾದ ಕಲ್ಲಮ್ಮ ಹಾಗೆನ್ನಲಿಲ್ಲ. ಮಗಳನ್ನು ನೋಡದೆ ಅವಳಿಗೂ ಎರಡು ತಿಂಗಳಾಗಿತ್ತು. ಆದರೆ ಅವಳದು ಧರ್ಮಸೂಕ್ಷ್ಮ. "ಬರೀ ದೀಪಾವಳಿ ಮಾಡಿದ್ರೆ ಹೇಗೆ? ಶಿವರಾತ್ರಿ ಬಿಟ್ಟು ದೀಪಾವಳಿಗೆ ಹಾರಿದ್ರೆ ಶಿವ ಮೆಚ್ತಾನಾ? ಗೌರಮ್ಮ ಏನು ಪಾಪ ಮಾಡಿದ್ಳು? ನಾಗಪ್ಪನ ಸಿಟ್ಟು ಗೊತ್ತಲ್ಲ ನಿಮಗೆ. ಮಾಡೋದಾದ್ರೆ ವರ್ಷದ್ದೆಲ್ಲ ಮಾಡಿ."

ಹೀಗೆ ಆರು ಹಬ್ಬಗಳ ಟೈಂಟೇಬಲ್ಲು ತಯಾರಾಗಿ ಜಗುಲಿಯ ಗೋಡೆಗೆ ಅಂಟಿತು. ಬೆಳಿಗ್ಗೆ ಆರಕ್ಕೆ ಶಿವರಾತ್ರಿ. ಉಪವಾಸ ಮತ್ತು ಜಾಗರಣೆ ಎರಡೂ ಏಳರೊಳಗೆ ಮುಗಿಯತಕ್ಕದ್ದು. ಏಳಕ್ಕೆ ಯುಗಾದಿ, ಎಂಟೂವರೆಗೆ ನಾಗರಪಂಚಮಿ. ಹತ್ತಕ್ಕೆ ಗೌರಿ-ಗಣೇಶ, ಕೂರಿಸಿದ ಕೈಯಲ್ಲೇ ವಿಸರ್ಜನೆ. ಹನ್ನೆರಡಕ್ಕೆ ಮಹಾನವಮಿ. ಮೂರಕ್ಕೆ ಎಣ್ಣೆನೀರು, ದೀಪಾವಳಿ.

ಬೀಗಿತ್ತಿಗೆ ಕಾರ್ಡು ಹೋಯಿತು. ಅಳಿಯನ ತಾಯಿ ಶಂಕರಮ್ಮ ಗಂಡ ಸತ್ತ ಮೇಲೆ ಒಬ್ಬಳೇ ಮಗನನ್ನು ಸಾಕಿ ಕೆಲಸಕ್ಕೆ ಸೇರಿಸಿದ ಗಟ್ಟಿ ಹೆಂಗಸು. ಕಾರ್ಖಾನೆಯ ಸೈರನ್ನಿಗೂ ಅವಳ ಗಂಟಲಿಗೂ ವ್ಯತ್ಯಾಸ ತಿಳಿಯದೆ ಕ್ವಾರ್ಟರ್ಸಿನವರು ಎರಡು ಸಲ ಬುತ್ತಿ ಹಿಡಿದು ಹೊರಟದ್ದುಂಟು ಎಂದು ಹೇಳುತ್ತಾರೆ. ಅವಳ ಉತ್ತರ ಮೂರೇ ದಿನಕ್ಕೆ ಬಂತು: "ಜನವರಿಯಲ್ಲಿ ದೀಪಾವಳಿ ಎಂದು ಬರೆದಿದ್ದೀರಿ. ನಿಮ್ಮಲ್ಲಿ ಕ್ಯಾಲೆಂಡರ್ ಇಲ್ಲದಿದ್ದರೆ ತಿಳಿಸಿ. ನಮ್ಮಲ್ಲಿ ಎರಡಿವೆ."

"ಕಾರ್ಡನ್ನ ಯಾರು ನಂಬ್ತಾರೆ?" ಎಂದ ಜಂಬಣ್ಣ, ಗೋಡೆಯ ಮೇಲಿಂದ. "ತಂತಿ ಕೊಡು. ತಂತಿ ಅಂದ್ರೆ ಸರ್ಕಾರವೇ ಬಂದು ಬಾಗಿಲು ಬಡಿದ ಹಾಗೆ."

ಶನಿವಾರ ಬೆಳಿಗ್ಗೆ ಏಕಾಂತಪ್ಪ ತಂತಿ ಕಚೇರಿಯಲ್ಲಿದ್ದ. ಗ್ರಹಗಳ ದೆಸೆಯಿಂದ ಅಲ್ಲಿ ಕಾಲಿಡಲು ಜಾಗವಿರಲಿಲ್ಲ. ಇದ್ದಬದ್ದವರೆಲ್ಲ ದೂರದ ನೆಂಟರಿಗೆ ಕೊನೆಯ ಮಾತು ಕಳಿಸುತ್ತಿದ್ದರು. ಕೌಂಟರಿನಲ್ಲಿದ್ದ ಗುಮಾಸ್ತ ಶ್ರೀನಿವಾಸಮೂರ್ತಿಗಳು ಬೆಳಗಿನಿಂದ ತಲೆ ಎತ್ತಿರಲಿಲ್ಲ.

ಆ ಕಾಲದಲ್ಲಿ ಶುಭಾಶಯದ ತಂತಿಗೆ ಒಂದು ಸುಲಭ ವ್ಯವಸ್ಥೆಯಿತ್ತು. ಒಕ್ಕಣೆಗಳೆಲ್ಲ ಇಂಗ್ಲಿಷಿನಲ್ಲಿ ಮೊದಲೇ ಸಿದ್ಧ, ಒಂದೊಂದಕ್ಕೆ ಒಂದೊಂದು ನಂಬರು. ಕಳಿಸುವವರು ನಂಬರು ಬರೆದರೆ ಸಾಕು, ಆ ಕಡೆ ಪೂರ್ತಿ ವಾಕ್ಯವಾಗಿ ತಲುಪುತ್ತಿತ್ತು. ಪಟ್ಟಿ ಗೋಡೆಯ ಮೇಲೆ ತೂಗುತ್ತಿತ್ತು. ಇಂಗ್ಲಿಷ್ ಓದುವವರಿಗೆ ಅದು ಪಟ್ಟಿ, ಏಕಾಂತಪ್ಪನಿಗೆ ಬರೀ ಗೋಡೆ.

"ಏನು ತಿಳಿಸ್ಬೇಕು?" ಎಂದರು ಮೂರ್ತಿಗಳು.

"ದೀಪಾವಳಿ."

ಮೂರ್ತಿಗಳು ಅವತ್ತು ಮೊದಲ ಬಾರಿಗೆ ತಲೆ ಎತ್ತಿದರು. ಕ್ಯಾಲೆಂಡರ್ ನೋಡಿದರು, ಏಕಾಂತಪ್ಪನನ್ನು ನೋಡಿದರು, ಹಿಂದಿದ್ದ ಸಾಲನ್ನು ನೋಡಿ ಯಾವ ಪ್ರಶ್ನೆಯೂ ಬೇಡ ಎಂದು ತೀರ್ಮಾನಿಸಿದರು. "ದೀಪಾವಳಿಗೆ ಒಂದು."

"ಒಂದಲ್ಲ ಸ್ವಾಮಿ. ಆರು."

"ಆರು ಬೇರೆ ಕಣ್ರೀ."

"ಅದೇ ನಾನೂ ಹೇಳ್ತಿರೋದು. ಬೇರೆ ಬೇರೆ ಆರು."

"ರೀ, ಆರನ್ನ ಹೊಸಬರು ಬಂದಾಗ ಕಳಿಸ್ತಾರೆ."

"ಹೊಸಬನೇ ಅಲ್ವಾ ಬರ್ತಿರೋದು? ಆಗಿನ್ನೂ ಎರಡು ತಿಂಗಳು!"

ಎಷ್ಟು ಹಬ್ಬಕ್ಕೆ ಕರೆಯುತ್ತೇವೋ ಅಷ್ಟು ನಂಬರು ಎಂದು ಏಕಾಂತಪ್ಪ ತನ್ನ ತಲೆಯಲ್ಲಿ ಪೈಸಲು ಮಾಡಿಕೊಂಡಾಗಿತ್ತು. ಮೂರ್ತಿಗಳು "ನಿಮ್ಮಿಷ್ಟ" ಎಂದು ಫಾರಮ್ಮು ತಳ್ಳಿದರು. ಅವನು ವಿಳಾಸದ ಕೆಳಗೆ ದುಂಡಗೆ '6' ಎಂದು ಬರೆದು, "ನೀವೂ ನಾಳೆ ಊಟಕ್ಕೆ ಬನ್ನಿ" ಎಂದು ಕರೆದು ಹೊರಬಿದ್ದ. ಪಟ್ಟಿಯಲ್ಲಿ ಆರನೆಯ ಒಕ್ಕಣೆ ಏನೆಂದರೆ: ಮನೆಗೆ ಹೊಸದಾಗಿ ಆಗಮಿಸಿದ ಕೂಸಿಗಾಗಿ ಹಾರ್ದಿಕ ಅಭಿನಂದನೆಗಳು.

ಮಾರನೇ ಬೆಳಿಗ್ಗೆ ದುರ್ಗಿಗುಡಿ ಬೆಚ್ಚಿಬಿದ್ದು ಎದ್ದಿತು. ಹಿಂದಿನ ವರ್ಷದ ಪಟಾಕಿ ಸರ ತೇವ ಹಿಡಿದಿದೆಯೇ ನೋಡೋಣ ಎಂದು ಏಕಾಂತಪ್ಪ ಕಿಡಿ ಮುಟ್ಟಿಸಿದ್ದ. ತೇವ ಹಿಡಿದಿರಲಿಲ್ಲ. ಗ್ರಹಗಳು ಒಂದು ವಾರ ಮೊದಲೇ ಬಂದವೆಂದು ನಾಲ್ಕು ಮನೆಯವರು ಹಾಸಿಗೆ ಸಮೇತ ಬೀದಿಗೆ ಬಂದರು. ಹಿಂದೆಯೇ ಹೆಡ್ ಕಾನ್‌ಸ್ಟೇಬಲ್ ಕಲ್ಲಪ್ಪ ಸೈಕಲ್ ಇಳಿದ. ಮುಂದಿನ ತಿಂಗಳು ಚುನಾವಣೆ. ಎಲ್ಲಿ ಪಟಾಕಿ ಹೊಡೆದರೂ ವರದಿ ಮಾಡಬೇಕೆಂದು ಅವನಿಗೆ ಆರ್ಡರಾಗಿತ್ತು.

"ಇದು ಯಾವ ಪಕ್ಷದ ಕಾರ್ಯಕ್ರಮ?" ಎಂದ, ಪುಸ್ತಕ ತೆರೆದು.

"ಕೃಷ್ಣ ಪಕ್ಷ ಸ್ವಾಮಿ," ಎಂದ ಏಕಾಂತಪ್ಪ. ತಿಥಿ ಸರಿಯಾಗಿಯೇ ಇತ್ತು.

ಕಲ್ಲಪ್ಪ ಬರೆದುಕೊಂಡ. "ಹೊಸ ಪಕ್ಷವಾ? ಗುರುತು ಏನು?"

ಕಲ್ಲಮ್ಮ ಅವನ ಅಂಗೈಗೆ ಬೇವು-ಬೆಲ್ಲ ಹಾಕಿದಳು. ಅದನ್ನೂ ಬರೆದುಕೊಂಡು, ಅಡಿಗೆಮನೆಯಿಂದ ಬರುತ್ತಿದ್ದ ಹೋಳಿಗೆಯ ವಾಸನೆ ಹಿಡಿದು, ಹೆಚ್ಚಿನ ವಿಚಾರಣೆಗಾಗಿ ಜಗುಲಿಯ ಮೇಲೆ ಕುಳಿತ. ಒಳಗೆ ಕಲ್ಲಮ್ಮ ಹಿಟ್ಟಿನಲ್ಲಿ ಮಾಡಿದ ಗಣಪನಿಗೆ ಸೊಂಡಿಲು ಅಂಟಿಸುತ್ತಿದ್ದಳು. ಎಷ್ಟು ಸಲ ಅಂಟಿಸಿದರೂ ಅದು ಬಿದ್ದುಹೋಗುತ್ತಿತ್ತು.

ಒಂಬತ್ತೂವರೆಗೆ ಜಲೀಲನ ಬಾಡಿಗೆ ಕಾರು ಬಂದು ಬಾಗಿಲಲ್ಲಿ ನಿಂತಿತು. ತಂತಿಯ ಮಹಿಮೆ ಎಂದುಕೊಂಡು ಏಕಾಂತಪ್ಪ ನಾಗಪ್ಪನಿಗೆ ಹಾಲೆರೆದ ಕೈಯಲ್ಲೇ ಓಡಿ ಬಂದ. ಶಿವಮೊಗ್ಗ-ಭದ್ರಾವತಿ ನಡುವೆ ಕಾರು ಹೊಡೆಯುವ ಜಲೀಲ ಮೊದಲು ಇಳಿದ.

"ಮುಬಾರಕ್ ಏಕಾಂತಪ್ಪನೋರೆ! ಬಹಳ ಜಲ್ದಿ ಆಯ್ತು!"

"ಜಲ್ದಿ ಆಗ್ಬೇಕಲ್ಲಪ್ಪ ಜಲೀಲ್. ಫೆಬ್ರವರಿ ಮೂರರೊಳಗೆ ಆಗ್ಲೇಬೇಕು."

ಆಮೇಲೆ ಶಂಕರಮ್ಮ ಇಳಿದಳು. ಹಿಂದಿನಿಂದ ಅಳಿಯ ಶಿವಯೋಗಪ್ಪ ಒಂದು ಟ್ರಂಕನ್ನು ಇಳಿಸಿದ. ಮದುವೆಯಲ್ಲಿ ಏಕಾಂತಪ್ಪನೇ ಕೊಟ್ಟ, ಗುಲಾಬಿ ಹೂವಿನ ಚಿತ್ರದ ಟ್ರಂಕು. ಜಗದಾಂಬಾ ಕಾರಿನೊಳಗೇ ಮುಖ ಮುಚ್ಚಿಕೊಂಡು ಬಿಕ್ಕುತ್ತಿದ್ದಳು. ಒಂದು ದಿನದ ಹಬ್ಬಕ್ಕೆ ಟ್ರಂಕು ಯಾಕೆ ಎಂದು ಬೀದಿಯ ಹೆಂಗಸರಿಗೆಲ್ಲ ಹೊಳೆಯಿತು. ಏಕಾಂತಪ್ಪನಿಗೆ ಮಾತ್ರ, ಪಾಪ, ಆರು ಹಬ್ಬಕ್ಕೆ ಆರು ಸೀರೆ ತಂದಿದ್ದಾಳೆ ಎಂದು ಸಂತೋಷವಾಯಿತು.

"ಬೀಗ್ರೇ," ಎಂದಳು ಶಂಕರಮ್ಮ, ಎಂದಿಲ್ಲದ ಸಣ್ಣ ದನಿಯಲ್ಲಿ. ಸೈರನ್ನು ಮೆಲ್ಲಗಾದರೆ ಹೆಚ್ಚು ಭಯ. "ಒಂದೇ ಮಾತು ಕೇಳ್ತೀನಿ. ಈ ವಿಷಯ ನಿಮಗೆ ಮೊದಲೇ ಗೊತ್ತಿತ್ತಾ?"

"ಹದಿನಾರನೇ ತಾರೀಖೇ ಗೊತ್ತಾಯ್ತು ಬೀಗಿತ್ತಮ್ಮ. ಜಂಬಣ್ಣ ಹೇಳ್ದ."

"ಜಂಬಣ್ಣನಿಗೆ ಹೇಗೆ ಗೊತ್ತು?"

"ಪೇಪರಿನಲ್ಲಿ ಬಂದಿತ್ತಲ್ಲ."

"ಪೇಪರಿನಲ್ಲಿ!" ಶಂಕರಮ್ಮನ ಕೈ ಕಾರಿನ ಬಾಗಿಲನ್ನು ಹಿಡಿಯಿತು.

"ಇಡೀ ದೇಶಕ್ಕೇ ಗೊತ್ತು. ನಿಮಗೆ ಗೊತ್ತಿಲ್ಲ ಅಂದ್ರೆ ನನಗೇ ಆಶ್ಚರ್ಯ. ನಾನೂ ಮೊದಲು ಒಂದೇ ಸಾಕು ಅಂದ್ಕೊಂಡಿದ್ದೆ. ಇವಳು ಕೇಳ್ಲಿಲ್ಲ, ಆರು ಆಗ್ಬೇಕು ಅಂದ್ಳು."

"ಆರಾ?"

"ಬೆಳಗ್ಗೆಯಿಂದ ಮೂರು ಆಗಿದೆ. ಯಾವ ತೊಂದ್ರೇನೂ ಇಲ್ದೆ ಆಯ್ತು. ಇನ್ನು ಮೂರು, ದೀಪ ಹಚ್ಚೋದರೊಳಗೆ ಮುಗಿಸಿಬಿಡೋಣ."

ಶಂಕರಮ್ಮ ತಿರುಗಿ ಕಾರಿನಲ್ಲಿದ್ದ ಸೊಸೆಯನ್ನೊಮ್ಮೆ ನೋಡಿದಳು, ಏಕಾಂತಪ್ಪನನ್ನೊಮ್ಮೆ ನೋಡಿದಳು, ಮೆಟ್ಟಿಲ ಮೇಲೆ ಕುಸಿದು ಕೂತು "ನೀರು" ಎಂದಳು.

ತಂತಿಯನ್ನು ಶಿವಯೋಗಪ್ಪ ಹೊರತೆಗೆದ. ಅಂಥ ಕಾಗದ ಕಂಡರೆ ಸುಮ್ಮನಿರಲಾರದ ಜಂಬಣ್ಣ ಗೋಡೆ ಹಾರಿ ಬಂದು ಕಸಿದುಕೊಂಡು, ಹಳೆಯ ಅಮೀನನ ದನಿಯಲ್ಲಿ ಬೀದಿಗೆಲ್ಲ ಕೇಳುವಂತೆ ಓದಿದ: "ಹಾರ್ಟಿ ಕಂಗ್ರಾಚುಲೇಷನ್ಸ್ ಆನ್ ದಿ ನ್ಯೂ ಅರೈವಲ್. ಏಕಾಂತಪ್ಪ." ಓದಿ ಮುಗಿಸಿದ ಮೇಲೆ ಅರ್ಥ ಅವನ ತಲೆಗೆ ಹೋಯಿತು. "ಅಯ್ಯೋ ಶಿವನೇ. ಮಗು ಹುಟ್ಟಿದ್ದಕ್ಕೆ ಅಭಿನಂದನೆ ಅಂತಿದೆ ಮಾರಾಯ!"

"ಪಕ್ಕದ ಮನೆ ಫೋರ್‌ಮನ್ ಮೊದಲಿಯಾರ್ರೂ ಅದನ್ನೇ ಓದಿದ್ರು," ಎಂದಳು ಶಂಕರಮ್ಮ, ನೀರು ಕುಡಿದು ಗಂಟಲು ವಾಪಸು ಪಡೆದು. "ಕೂಸು ಅನ್ನೋದಕ್ಕೆ ಅವರ ತಮಿಳಲ್ಲಿ 'ಕೊಳಂದೆ, ಕೊಳಂದೆ' ಅಂತ ಇಡೀ ಲೈನಿಗೆ ಕೂಗಿ ಹೇಳಿ ಸಕ್ಕರೆ ಹಂಚಿದ್ರು! ಮದುವೆ ಆಗಿ ಎರಡು ತಿಂಗಳು. ಹೆತ್ತಪ್ಪನೇ ತಂತಿ ಕೊಡ್ತಾನೆ. ನಾನು ಏನಂತ ತಿಳ್ಕೋಬೇಕು? ತಗೊಳ್ಳಿ ನಿಮ್ಮ ಮಗಳನ್ನ, ತಗೊಳ್ಳಿ ನಿಮ್ಮ ಟ್ರಂಕನ್ನ!"

ಬೀದಿಯ ಹೆಂಗಸರೆಲ್ಲ ಬೆರಳು ಮಡಚತೊಡಗಿದರು. ಎಲ್ಲರೂ ಎರಡೇ ಬೆರಳಿಗೆ ನಿಂತು ಗಲ್ಲಕ್ಕೆ ಕೈ ಹಚ್ಚಿದರು. ಕಲ್ಲಪ್ಪ ಹೋಳಿಗೆಯ ಕೈಯಲ್ಲೇ ಪುಸ್ತಕದ ಹೊಸ ಪುಟ ತಿರುವಿ, "ಕೂಸು ಎಲ್ಲಿದೆ? ಹಾಜರು ಮಾಡಿ," ಎಂದ. ಕಲ್ಲಮ್ಮನ ಕೈಯಲ್ಲಿದ್ದ ಗಣಪನ ಸೊಂಡಿಲು ಮತ್ತೆ ಬಿತ್ತು, ಈ ಸಲ ಅದನ್ನು ಯಾರೂ ಎತ್ತಲಿಲ್ಲ.

ಏಕಾಂತಪ್ಪನಿಗೆ ಭೂಮಿ ನಿಜಕ್ಕೂ ಎರಡು ಹೋಳಾಯಿತು. ಫೆಬ್ರವರಿಯವರೆಗೆ ಕಾಯಬೇಕಾಗಿರಲಿಲ್ಲ. ಅವನು ಬಾಯಿ ತೆರೆದರೆ "ಆರು... ಹಬ್ಬ... ಆರು..." ಎಂಬುದಷ್ಟೇ ಬರುತ್ತಿತ್ತು. ಊಟದ ಕರೆಯನ್ನು ಗಂಭೀರವಾಗಿ ತೆಗೆದುಕೊಂಡು ಸ್ವಲ್ಪ ಮುಂಚೆಯೇ ಬಂದುಬಿಟ್ಟ ಶ್ರೀನಿವಾಸಮೂರ್ತಿಗಳು ಆ ಹೊತ್ತಿಗೆ ಗುಂಪು ಸೀಳಿಕೊಂಡು ಬರದಿದ್ದರೆ ಆ ಟ್ರಂಕು ಒಳಗೆ ಹೋಗಿಯೇಬಿಡುತ್ತಿತ್ತು.

"ದೀಪಾವಳಿಗೆ ಒಂದು ಅಂತ ಬಡ್ಕೊಂಡೆ!" ಎಂದರು ಮೂರ್ತಿಗಳು, ತಂತಿಯನ್ನೂ ಜಗುಲಿಯ ಗೋಡೆಯ ಟೈಂಟೇಬಲ್ಲನ್ನೂ ನೋಡಿ. "ಇವರು ಆರು ಹಬ್ಬಕ್ಕೆ ಆರು ಅಂತ ಬರೆದ್ರು. ತಾಯಿ, ಇದು ಕೂಸಲ್ಲ, ಲೆಕ್ಕ." ಆ ಟೈಂಟೇಬಲ್ಲನ್ನು ಕಿತ್ತು ತಂದು ಶಂಕರಮ್ಮನ ಮುಂದೆ ಹಿಡಿದರು.

ಶಂಕರಮ್ಮ ಶಿವರಾತ್ರಿಯಿಂದ ದೀಪಾವಳಿಯವರೆಗೆ ನಿಧಾನವಾಗಿ ಓದಿದಳು. ಜಗದಾಂಬಾ ಕಾರಿನಿಂದ ಇಳಿದು ಬಂದು ಅಪ್ಪನ ಮುಂದೆ ನಿಂತಳು. ರಾತ್ರಿಯೆಲ್ಲ ಅತ್ತ ಕಣ್ಣು ಕೆಂಪಗೆ ಊದಿತ್ತು.

"ಹನ್ನೆರಡು ಮೈಲಿ ಅಪ್ಪ," ಎಂದಳು. "ಗಂಟೆಗೊಂದು ಬಸ್ಸಿದೆ. ಬಂದು 'ನಿನ್ನ ನೋಡಬೇಕು ಅನ್ನಿಸ್ತು ಮಗಳೇ' ಅಂದಿದ್ರೆ ಸಾಕಿತ್ತು. ಹಬ್ಬಾನೂ ಬೇಡ, ಪ್ರಳಯಾನೂ ಬೇಡ."

ಏಕಾಂತಪ್ಪನಿಗೆ ಅದು ಹೊಳೆದೇ ಇರಲಿಲ್ಲ. ನಾಚಿಕೆಯಿಂದ ಅವನ ತಲೆ ತಗ್ಗಿತು, ಕಣ್ಣೀರು ಹಾಲಿನ ಕೈಮೇಲೆ ಬಿತ್ತು. "ನೀನಿಲ್ದೆ ಮನೇಲಿ ಅನ್ನ ಇಳಿಯಲ್ಲ ಮಗಾ," ಎಂದ. "ಹಾಗಂತ ಹೇಳೋದಕ್ಕೆ ಯಾವ ನಂಬರೋ ಗೊತ್ತಿಲ್ಲ."

ಶಂಕರಮ್ಮ ಎದ್ದಳು. ಸೆರಗು ಕೊಡವಿದಳು. "ಶಿವು, ಆ ಟ್ರಂಕನ್ನ ಕಾರಿಗೆ ಹಾಕು," ಎಂದಳು ಮಗನಿಗೆ. ಆಮೇಲೆ ಬೀಗರ ಕಡೆ ತಿರುಗಿ ಬೆರಳೆತ್ತಿದಳು: "ಹಬ್ಬ ಮುಗಿಸಿಕೊಂಡೇ ಹೋಗ್ತೀವಿ. ಮೊದಲಿಯಾರ್ರಿಗೆ ನೀವೇ ಬಂದು ಸಮಜಾಯಿಷಿ ಕೊಡ್ಬೇಕು. ಇನ್ಮೇಲೆ ಈ ಮನೆಯಿಂದ ಇಂಥ ತಂತಿ ಬಂತು ಅಂದ್ರೆ ಆರು ಹಬ್ಬ ಅಂತಲೇ ತಿಳ್ಕೋತೀನಿ. ನೆನಪಿರ್ಲಿ."

ಮೂರು ಗಂಟೆಗೆ ಸರಿಯಾಗಿ ಅಳಿಯನ ತಲೆಗೆ ಏಕಾಂತಪ್ಪ ತನ್ನ ಕೈಯಾರ ಎಣ್ಣೆ ಇಟ್ಟ. ಅರ್ಧ ಎಣ್ಣೆ ಕಣ್ಣಿಗೆ ಹೋಯಿತು. ಕಲ್ಲಪ್ಪನ ವರದಿಯಲ್ಲಿ ಕೃಷ್ಣ ಪಕ್ಷದ ಸಭೆ ಶಾಂತಿಯುತವಾಗಿ ನಡೆಯಿತೆಂದು ದಾಖಲಾಯಿತು.

ಫೆಬ್ರವರಿ ಮೂರು, ನಾಲ್ಕು, ಐದು ಬಂದವು, ಹೋದವು. ಆರನೇ ತಾರೀಖು ಜಂಬಣ್ಣ ಗೋಡೆಯ ಮೇಲೆ ಕಾಣಿಸಲಿಲ್ಲ. ಏಳಕ್ಕೆ ಕಾಣಿಸಿ, "ಮುಂದಕ್ಕೆ ಹೋಗಿದೆ, ರದ್ದಾಗಿಲ್ಲ" ಎಂದ.

ರದ್ದಾಗಿರಲಿಲ್ಲ ಎಂದು ಅಕ್ಟೋಬರಿನಲ್ಲಿ ಎಲ್ಲರಿಗೂ ಅನ್ನಿಸಿತು. ಚೀನಾ ಗಡಿಯಲ್ಲಿ ಯುದ್ಧ ಹತ್ತಿಕೊಂಡಿತು. ಬೀದಿಬೀದಿಯಲ್ಲಿ ರೇಡಿಯೋ ಇದ್ದ ಮನೆಯ ಮುಂದೆ ಜನ ಮುಖ ಬಾಡಿಸಿಕೊಂಡು ನಿಲ್ಲುತ್ತಿದ್ದರು. ಈ ಸಲ ಪಟಾಕಿ ಬೇಡ, ಮನೆಗೆ ಒಂದೇ ದೀಪ ಸಾಕು, ಹೋಳಿಗೆಯ ಖರ್ಚು ಜವಾನರಿಗೆ ಎಂದು ದುರ್ಗಿಗುಡಿ ತೀರ್ಮಾನಿಸಿತು. ಕಲ್ಲಮ್ಮ ಕಿವಿಯ ಬೆಂಡೋಲೆ ಬಿಚ್ಚಿ ರಕ್ಷಣಾ ನಿಧಿಗೆ ಕೊಟ್ಟುಬಂದಳು. ಈ ವರ್ಷ ಅಳಿಯನ ಹಬ್ಬ ತಪ್ಪಿತಲ್ಲ ಎಂದು ಬೀದಿಯಲ್ಲಿ ನಾಲ್ಕು ಮಾವಂದಿರು ಕೊರಗುವಾಗ, "ನಮ್ಮದು ಜನವರಿಯಲ್ಲೇ ಆಗಿದೆ," ಎಂದು ಏಕಾಂತಪ್ಪ ಮೀಸೆ ಮುಟ್ಟಿಕೊಂಡ. ಮುಂದಾಲೋಚನೆ ಇರುವವನು ಎಂದು ಜನ ಅವನನ್ನು ಮೊದಲ ಸಲ ಬೇರೆ ಕಣ್ಣಿನಿಂದ ನೋಡಿದರು.

ಚೊಚ್ಚಲ ಹೆರಿಗೆಗೆಂದು ಜಗದಾಂಬಾ ತವರಿಗೆ ಬಂದಿದ್ದಳು. ಇನ್ನೂ ಇಪ್ಪತ್ತು ದಿನ ಇದೆ ಎಂದು ಸೂಲಗಿತ್ತಿ ಹುಚ್ಚಮ್ಮ ಹೊಟ್ಟೆ ನೋಡಿ ಹೇಳಿದ್ದಳು. ಕೂಸು ಅದನ್ನು ಕೇಳಿಸಿಕೊಂಡಿರಲಿಲ್ಲ. ದೀಪಾವಳಿಯ ಹಿಂದಿನ ಬೆಳಿಗ್ಗೆ, ಎಣ್ಣೆಸ್ನಾನಕ್ಕೆ ಕಾಯಿಸಿದ್ದ ನೀರು ಬಾಣಂತಿಗೆ ಬಳಕೆಯಾಯಿತು. ಹೆಣ್ಣು ಮಗು, ತಾತನದೇ ಮೂಗು.

ಏಕಾಂತಪ್ಪ ತಂತಿ ಕಚೇರಿಗೆ ಓಡಿದ. ಅವನನ್ನು ಕಂಡು ಶ್ರೀನಿವಾಸಮೂರ್ತಿಗಳು ಪೆನ್ನು ಕೆಳಗಿಟ್ಟರು.

"ಆರು," ಎಂದ ಏಕಾಂತಪ್ಪ, ಏದುಸಿರು ಬಿಡುತ್ತ.

"ಹಬ್ಬ ಎಷ್ಟು?"

"ಹಬ್ಬ ಇಲ್ಲ ಸ್ವಾಮಿ. ಕೂಸು. ನಿಜವಾದ ಕೂಸು."

"ಆಣೆ ಮಾಡಿ."

ಅವನು ಕೊರಳ ಲಿಂಗ ಮುಟ್ಟಿ ಆಣೆ ಮಾಡಿದ ಮೇಲೆಯೇ ಮೂರ್ತಿಗಳು ಫಾರಮ್ಮು ಕೊಟ್ಟದ್ದು.

ಮಾರನೇ ಬೆಳಿಗ್ಗೆ ಜಲೀಲನ ಕಾರು ಬಂತು. ನಿಲ್ಲುವುದಕ್ಕೂ ಮೊದಲೇ ಸೈರನ್ನು ಶುರುವಾಗಿತ್ತು. ಪಟಾಕಿಯಿಲ್ಲದೆ ಮಲಗಿದ್ದ ದುರ್ಗಿಗುಡಿಯಲ್ಲಿ ಆ ದೀಪಾವಳಿಗೆ ಕೇಳಿಸಿದ ಶಬ್ದವೆಂದರೆ ಅದೊಂದೇ.

"ಬುದ್ಧಿ ಇದೆಯೇನ್ರೀ ನಿಮಗೆ? ಗಡೀಲಿ ಹುಡುಗರು ಸಾಯ್ತಿದಾರೆ. ನಾನು ನನ್ನ ಕೈಬಳೆ ಬಿಚ್ಚಿ ಕೊಟ್ಟು ಬಂದಿದೀನಿ. ಕ್ವಾರ್ಟರ್ಸಿಗೆ ಕ್ವಾರ್ಟರ್ಸೇ ಒಂದು ದೀಪ ಹಚ್ಚಿ ಕೂತಿದೆ. ಇಂಥ ಹೊತ್ತಲ್ಲಿ ಮತ್ತೆ ಆರು ಹಬ್ಬವಾ? ನಾಚಿಕೆ ಆಗಲ್ವಾ?" ಶಂಕರಮ್ಮ ತಂತಿಯನ್ನು ಅವನ ಮೂಗಿನ ಮುಂದೆ ಆಡಿಸಿದಳು. "ಈ ಸಲ ಮೊದಲಿಯಾರ್ರು 'ಕೊಳಂದೆ' 'ಕೊಳಂದೆ' ಅಂತ ಸಕ್ಕರೆ ಹಿಡ್ಕೊಂಡು ಬಂದಾಗ ನಾನೇ ಬೈದು ಕಳಿಸ್ದೆ. ಹೆರಿಗೆಗೆ ಇನ್ನೂ ಇಪ್ಪತ್ತು ದಿನ ಇದೆ, ಇದು ಕೂಸಲ್ಲ, ನಮ್ಮ ಬೀಗರ ಹುಚ್ಚು ಅಂತ!"

ಏಕಾಂತಪ್ಪ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಒಳಗಿನ ಕೋಣೆಯಿಂದ ಇನ್ನೊಂದು ಸೈರನ್ನು ಎದ್ದಿತು. ಚಿಕ್ಕದು, ಆದರೆ ಅದೇ ವಂಶದ್ದು.

ಶಂಕರಮ್ಮನ ಕೈಯಿಂದ ತಂತಿ ಜಾರಿತು. ಅವಳು ಬಾಗಿಲ ಕಡೆ ನೋಡಿದಳು, ಬೀಗರ ಕಡೆ ನೋಡಿದಳು, ಜನವರಿಯಲ್ಲಿ ಕೂತಿದ್ದ ಅದೇ ಮೆಟ್ಟಿಲ ಮೇಲೆ ಕುಸಿದು ಕೂತಳು. ಸೈರನ್ನಿಲ್ಲದ ದನಿಯಲ್ಲಿ ಕೇಳಿದಳು:

"ಎಷ್ಟು?"

"ಒಂದೇ, ಬೀಗಿತ್ತಮ್ಮ," ಎಂದ ಏಕಾಂತಪ್ಪ, ಕಣ್ಣೊರೆಸಿಕೊಂಡು. "ಈ ಸಲ ಒಂದೇ."